ಎಸಿಸಿಗೆ ಜಾಸ್ತಿ ದುಡ್ಡು ಕೊಡಬೇಕಾ? ನಾನು ಲೆಕ್ಕ ಹಾಕಿದ್ದು ಹೀಗೆ

ಅಡಾಪ್ಟಿವ್ ಕ್ರೂಸ್ ಕಂಟ್ರೋಲ್, ಅಂದರೆ ಎಸಿಸಿ (ನಾವು ಸೆಟ್ ಮಾಡಿದ ವೇಗ ಹಿಡಿದು, ಮುಂದಿನ ವಾಹನದಿಂದ ಗ್ಯಾಪ್ ಬಿಟ್ಟು, ಕಾರು ತಾನೇ ವೇಗ ಏರಿಸಿ ಇಳಿಸುವ ವ್ಯವಸ್ಥೆ) ಇರುವ ವೇರಿಯಂಟ್ ತಗೊಳ್ಳಬೇಕಾ ಬೇಡವಾ ಅಂತ ಯಾರನ್ನು ಕೇಳಿದರೂ ಎರಡೇ ಉತ್ತರ. ಇದ್ದವರು "ಒಂದ್ಸಲ ಬಳಸಿದರೆ ಬಿಡಲ್ಲ" ಅನ್ನುತ್ತಾರೆ. ಇಲ್ಲದವರು "ಎಲ್ಲಾ ಸುಮ್ನೆ ಶೋಕಿ" ಅನ್ನುತ್ತಾರೆ. ಎರಡರಿಂದಲೂ ನನಗೆ ಏನೂ ತಿಳಿಯಲಿಲ್ಲ. ಹಾಗಾಗಿ ಕೊಳ್ಳುವ ಮೊದಲೇ, ಎಸಿಸಿ ಇಲ್ಲದ ನನ್ನ ಹಳೇ ಕಾರಿನಲ್ಲೇ, ಅದು ಇದ್ದಿದ್ದರೆ ವರ್ಷಕ್ಕೆ ಎಷ್ಟು ಗಂಟೆ ಬಳಸುತ್ತಿದ್ದೆ ಅಂತ ಅಳೆಯಲು ಕೂತೆ. "ಇಲ್ಲದ ಸಾಮಾನನ್ನ ಹೇಗಪ್ಪಾ ಅಳೀತೀಯ" ಅಂತ ಗೆಳೆಯರು ನಕ್ಕರು. ಶೋರೂಮಿನ ಹುಡುಗ "ಸರ್, ಒಂದು ಟೆಸ್ಟ್ ಡ್ರೈವ್ ಮಾಡಿ, ಎಲ್ಲಾ ಗೊತ್ತಾಗುತ್ತೆ" ಅಂದ. ಹೊಸ ಕಾರು ಬಂದು ಈಗ ವರ್ಷದ ಮೇಲಾಯಿತು. ನನ್ನ ಅಂದಾಜು ನೂರಕ್ಕೆ ಹತ್ತರಷ್ಟು ಆಚೀಚೆ, ಅಷ್ಟೇ. ನಕ್ಕವರಲ್ಲಿ ಇಬ್ಬರು ಈಗ ನನ್ನ ಶೀಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಟೆಸ್ಟ್ ಡ್ರೈವ್ ಬಗ್ಗೆ ಒಂದೇ ಮಾತು. ಹದಿನೈದು ನಿಮಿಷ, ಸಿಗ್ನಲ್ಲುಗಳ ರಸ್ತೆ, ಪಕ್ಕದಲ್ಲಿ ಬಾಯಿ ಮುಚ್ಚದ ಸೇಲ್ಸ್‌ನವರು. ಸ್ಟೀರಿಂಗ್ ಮೇಲೆ ಬಟನ್ ಹುಡುಕುವಷ್ಟರಲ್ಲಿ ಯು ಟರ್ನ್ ಬಂದಿರುತ್ತದೆ. ಎಸಿಸಿಯ ಗುಣವಾಗಲಿ ದೋಷವಾಗಲಿ ಗೊತ್ತಾಗುವುದು ಮುಕ್ಕಾಲು ಗಂಟೆ ಹೈವೇಯಲ್ಲಿ ಓಡಿಸಿದ ಮೇಲೆ.

ಮೊದಲು ಫೋನಿನಲ್ಲಿ ಒಂದು ಆ್ಯಪ್ ಹಾಕಿ, ಬ್ರೇಕ್ ಎಷ್ಟು ಸಲ ಹಾಕುತ್ತೇನೆ ಅಂತ ದಾಖಲಿಸಲು ನೋಡಿದೆ. ಅದು ರಸ್ತೆಯ ಗುಂಡಿಯನ್ನೂ ಬ್ರೇಕ್ ಅಂತಲೇ ಬರೆದುಕೊಂಡಿತು. ದುಡ್ಡು ಕೊಟ್ಟು ತಗೊಂಡ ಆ್ಯಪ್ ಅದು, ಹೋಯಿತು. ಆಮೇಲೆ ಹೆಂಡತಿಯ ಕೈಗೆ ಪುಸ್ತಕ, ಪೆನ್ನು ಕೊಟ್ಟು "ಈಗ, ಈಗ" ಅಂದಾಗ ಗೀಟು ಹಾಕು ಅಂದೆ. ಅರ್ಧ ಗಂಟೆಗೆ ಅವಳು ನಿದ್ದೆ ಹೋದಳು. ಕೊನೆಗೆ ಕೆಲಸಕ್ಕೆ ಬಂದದ್ದು ಮೊದಲಿನಿಂದಲೂ ಗಾಜಿಗೆ ಅಂಟಿಕೊಂಡೇ ಇದ್ದ ಡ್ಯಾಶ್‌ಕ್ಯಾಮ್.

ರಾತ್ರಿ ಕೂತು ವಿಡಿಯೋವನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ, ಮುಂದಿನ ವಾಹನಕ್ಕೂ ನನಗೂ ನಡುವಿನ ಗ್ಯಾಪ್ ಎಷ್ಟು ಅಂತ ನೋಡುವುದು. ಮುಂದಿನ ವಾಹನದ ಹಿಂಬದಿ ಒಂದು ಕಂಬದ ನೆರಳನ್ನು ದಾಟಿದ ಫ್ರೇಮ್ ಹಿಡಿಯಬೇಕು, ನನ್ನ ಬಾನೆಟ್ ಅದೇ ನೆರಳನ್ನು ಮುಟ್ಟಿದ ಫ್ರೇಮ್ ಹಿಡಿಯಬೇಕು. ಸೆಕೆಂಡಿಗೆ 30 ಫ್ರೇಮ್ ಇರುವ ಕ್ಯಾಮೆರಾ ಆದರೆ, ಆ ಎರಡರ ನಡುವೆ 60 ಫ್ರೇಮ್ ಅಂದರೆ ಎರಡು ಸೆಕೆಂಡ್. 90 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 25 ಮೀಟರ್ ಹೋಗುತ್ತೇವೆ, ಅಂದರೆ ನಡುವೆ 50 ಮೀಟರ್ ಜಾಗ. ಹೆಚ್ಚಿನ ಕಾರುಗಳಲ್ಲಿ ಎಸಿಸಿಯ ಗ್ಯಾಪ್ ಸುಮಾರು ಒಂದು ಸೆಕೆಂಡಿನಿಂದ ಎರಡು, ಎರಡೂವರೆ ಸೆಕೆಂಡಿನವರೆಗೆ ಇಡಬಹುದು. ನಾನಾಗಿ ಬಿಡುವ ಗ್ಯಾಪ್ ಒಂದೂವರೆ ಸೆಕೆಂಡಿನ ಹತ್ತಿರ ಬಂತು. ಸರಿ, ಈ ಯಂತ್ರಕ್ಕೂ ನನಗೂ ಹೊಂದಿಕೆ ಆಗಬಹುದು ಅನ್ನಿಸಿತು.

ಆದರೆ ನಿಜವಾಗಿ ಎಣಿಸಬೇಕಾದದ್ದು ಗ್ಯಾಪನ್ನಲ್ಲ, ಆ ಗ್ಯಾಪಿಗೆ ನುಗ್ಗುವವರನ್ನು. ಒಬ್ಬ ನುಗ್ಗಿದ ಅಂದರೆ ಎಸಿಸಿ ಹಿಂದೆ ಸರಿದು ಮತ್ತೆ ಜಾಗ ಮಾಡುತ್ತದೆ. ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ನನ್ನ ವಿಡಿಯೋಗಳಲ್ಲಿ ಕಂಡದ್ದು ಇಷ್ಟು: ಹತ್ತು ಕಿಲೋಮೀಟರಿಗೆ ಒಂದೆರಡು ಸಲ ನುಗ್ಗಿದರೆ ಪರವಾಗಿಲ್ಲ, ನಾಲ್ಕೈದು ದಾಟಿದರೆ ಆ ರಸ್ತೆ ಎಸಿಸಿಗೆ ಅಲ್ಲ. ಹಾಗಾಗಿ ನಿಯಮ ಹೀಗೆ ಮಾಡಿಕೊಂಡೆ. ಕನಿಷ್ಠ ಮೂರು ನಿಮಿಷ, ಜೋರು ಬ್ರೇಕ್ ಇಲ್ಲ, ನುಗ್ಗಿದವರು ಒಬ್ಬರಿಗಿಂತ ಜಾಸ್ತಿ ಇಲ್ಲ. ಅಂಥ ತುಂಡುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಮಳೆ ಮತ್ತು ರಾತ್ರಿಗೆ ಬೇರೆ ಗುಣಕ ಹಾಕುತ್ತೇನೆ, ಆ ಸಂಖ್ಯೆ ನನ್ನ ಹತ್ತಿರವೇ ಇರಲಿ. ಅದನ್ನು ಹಿಡಿಯಲು ಬಹಳ ಭಾನುವಾರಗಳು ಹೋಗಿವೆ.

ಕೊನೆಗೆ ಬಂದ ಲೆಕ್ಕ: ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ಹೈವೇ, ಅಂದರೆ ಸುಮಾರು 140 ಗಂಟೆ. ಅದರಲ್ಲಿ ಎಸಿಸಿಗೆ ಒಗ್ಗುವುದು ಅರವತ್ತರ ಸುತ್ತ. ಅರ್ಧಕ್ಕಿಂತ ಕಡಿಮೆ. ಅದೇ ಶೀಟಿನಲ್ಲಿ ನನ್ನ ಭಾಮೈದನ ಓಡಾಟ ಹಾಕಿದರೆ ವರ್ಷಕ್ಕೆ ಎಂಟು ಗಂಟೆ. ಅವನಿಗೂ ಆಗ ಅದೇ ಟಾಪ್ ವೇರಿಯಂಟ್ ಮೇಲೆ ಕಣ್ಣು. "ಭಾವ, ನಿಮ್ಮ ಕಂಬ ಎಣಿಸೋ ಲೆಕ್ಕ ನಂಗೆ ಬೇಡ" ಅಂತ ಎದ್ದು ಹೋದ.

ದುಡ್ಡಿನ ವಿಷಯ. ಎಸಿಸಿಯನ್ನು ಒಂಟಿಯಾಗಿ ಯಾರೂ ಮಾರಲ್ಲ, ಸನ್‌ರೂಫ್, ದೊಡ್ಡ ಸ್ಕ್ರೀನ್, ಬೇಡದ ದೀಪಗಳು ಎಲ್ಲ ಜೊತೆಗೆ ಬರುತ್ತವೆ. ಅವಕ್ಕೆಲ್ಲ ನಾನು ಸೊನ್ನೆ ಬೆಲೆ ಕಟ್ಟಿದೆ, ಯಾಕೆಂದರೆ ಬೇರೆ ಬೇರೆಯಾಗಿ ಕೊಟ್ಟಿದ್ದರೆ ನಾನು ತಗೊಳ್ಳುತ್ತಲೇ ಇರಲಿಲ್ಲ. ಎರಡು ವೇರಿಯಂಟಿನ ಬೆಲೆಯ ವ್ಯತ್ಯಾಸ ಕಾರಿನ ಬೆಲೆಯ ನೂರಕ್ಕೆ ಒಂಬತ್ತರಷ್ಟಿತ್ತು. ಮಾರುವಾಗ ಅದರಲ್ಲಿ ಮೂರನೇ ಒಂದು ಭಾಗ ವಾಪಸ್ ಬರುತ್ತದೆ ಅಂತ ಇಟ್ಟುಕೊಂಡು, ಉಳಿದದ್ದನ್ನು ಆರು ವರ್ಷದ ಗಂಟೆಗಳಿಂದ ಭಾಗಿಸಿದೆ. ಬಂದ ಸಂಖ್ಯೆಯನ್ನು ಒಂದು ಗಂಟೆ ಹೈವೇ ಓಡಿಸಲು ಸುಡುವ ಪೆಟ್ರೋಲಿನ ಜೊತೆ ಹೋಲಿಸಿದೆ. ನನಗೆ ಒಂದು ಗಂಟೆಯ ಎಸಿಸಿ ಅರ್ಧ ಗಂಟೆಯ ಪೆಟ್ರೋಲಿನಷ್ಟು ಬಿತ್ತು. ಭಾಮೈದನಿಗೆ ಹೆಚ್ಚುಕಡಿಮೆ ನಾಲ್ಕು ಗಂಟೆಯ ಪೆಟ್ರೋಲ್! ಕಾಲು ನೋವು ಉಳಿಸಲು ಅಷ್ಟು ಕೊಡುವುದಾದರೆ ಡ್ರೈವರ್ ಇಟ್ಟುಕೊಳ್ಳಬಹುದು, ಅಲ್ವಾ?

ಸುರಕ್ಷತೆಗಾಗಿ ತಗೊಳ್ಳುತ್ತೇನೆ ಅನ್ನುವವರು ಇಲ್ಲಿ ಒಂದು ನಿಮಿಷ ನಿಲ್ಲಿ. ಢಿಕ್ಕಿ ತಪ್ಪಿಸಲು ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಬೇರೆ, ಅದು ಎಷ್ಟೋ ಕಾರುಗಳಲ್ಲಿ ಎಸಿಸಿ ಇಲ್ಲದ ವೇರಿಯಂಟಿನಲ್ಲೂ ಇರುತ್ತದೆ. ಎಸಿಸಿ ಇರುವುದು ಆರಾಮಕ್ಕೆ. ಐಎಸ್‌ಒ 15622 ಮಾನದಂಡವೇ ಹೈವೇ ವೇಗದಲ್ಲಿ ಅದರ ಬ್ರೇಕನ್ನು, ಒಂದೊಂದು ಸೆಕೆಂಡಿಗೂ ವೇಗ ಸರಾಸರಿ ಸೆಕೆಂಡಿಗೆ 3.5 ಮೀಟರಿನಷ್ಟು (ಗಂಟೆಗೆ ಸುಮಾರು 12.6 ಕಿಲೋಮೀಟರ್) ಇಳಿಯುವಷ್ಟಕ್ಕೆ ಕಟ್ಟಿಹಾಕಿದೆ. ಒಣ ರಸ್ತೆಯಲ್ಲಿ ನಾವು ಪೂರ್ತಿ ತುಳಿದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಸಿಗುತ್ತದೆ.

ಲೆಕ್ಕ ಆದ ಮೇಲೂ ಬುಕ್ ಮಾಡಲಿಲ್ಲ. ಎರಡು ದಿನಕ್ಕೆ ಅದೇ ಮಾಡೆಲನ್ನು ಬಾಡಿಗೆಗೆ ತಂದೆ. ಬಾಡಿಗೆ ಆ ವ್ಯತ್ಯಾಸದ ನೂರಕ್ಕೆ ಐದರಷ್ಟೂ ಆಗಲಿಲ್ಲ, ಇನ್ನೂ ಕಡಿಮೆಗೆ ತರುವ ದಾರಿಯೂ ಇದೆ, ಅದನ್ನು ಹೇಳಿದರೆ ಎಲ್ಲರೂ ಹೋಗಿ ಹಾಳು ಮಾಡುತ್ತಾರೆ. ವಿಡಿಯೋ ಮಾಡಿದ್ದ ಅದೇ ರಸ್ತೆಯಲ್ಲೇ ಓಡಿಸಿದೆ. ಎಸಿಸಿಯನ್ನು ಕ್ಯಾನ್ಸಲ್ ಮಾಡಿದಾಗಲೆಲ್ಲ ಕಾರಣದ ನಂಬರನ್ನು ಜೋರಾಗಿ ಹೇಳಿದೆ, ಡ್ಯಾಶ್‌ಕ್ಯಾಮಿನ ಮೈಕ್ ಹಿಡಿದುಕೊಂಡಿತು. ಒಂದು ಅಂದರೆ ಯಾರೋ ನುಗ್ಗಿದರು. ಎರಡು, ತಿರುವು. ಮೂರು, ಓವರ್‌ಟೇಕ್. ನಾಲ್ಕು, ನನಗೇ ಭಯ ಆಯಿತು.

ನಾಲ್ಕು ಜಾಸ್ತಿ ಬಂದದ್ದು ಬೈಕುಗಳಿಂದ. ಲೇನಿನ ಅಂಚಿನಲ್ಲಿ ಹೋಗುತ್ತಿದ್ದ ಒಂದು ಬೈಕನ್ನು ಅದು ಗುರುತಿಸಲೇ ಇಲ್ಲ. ಡಿಸ್‌ಪ್ಲೇಯಲ್ಲಿ ಖಾಲಿ ರಸ್ತೆ, ಸೆಟ್ ಮಾಡಿದ ವೇಗಕ್ಕೆ ಕಾರು ಏರುತ್ತಿದೆ, ಎದುರಿಗೆ ಸವಾರನ ಬೆನ್ನಿನ ಬ್ಯಾಗ್ ದೊಡ್ಡದಾಗುತ್ತಿದೆ. ನಾನೇ ಬ್ರೇಕ್ ತುಳಿದೆ. ತಿರುವಿನಲ್ಲಿ ಇದರ ಉಲ್ಟಾ: ಪಕ್ಕದ ಲೇನಿನ ಲಾರಿಯನ್ನು ನಮ್ಮ ಮುಂದಿನದು ಅಂತ ತಿಳಿದು ಸುಮ್ಮಸುಮ್ಮನೆ ವೇಗ ಇಳಿಸಿತು. ಇವೆಲ್ಲ ಮ್ಯಾನುಯಲ್ಲಿನಲ್ಲಿ ಬರೆದೇ ಇವೆ. ಮುಂದೆ ಹೋಗುತ್ತಿದ್ದ ವಾಹನ ಪಕ್ಕಕ್ಕೆ ಸರಿದು, ಅಲ್ಲಿ ನಿಂತ ವಾಹನ ಸಿಕ್ಕರೆ ಗುರುತಿಸದೇ ಇರಬಹುದು ಅನ್ನುವ ಎಚ್ಚರಿಕೆಯೂ ಅಲ್ಲೇ ಇದೆ. ಬ್ರೋಶರ್ ಬಿಟ್ಟು ಮ್ಯಾನುಯಲ್ಲಿನ ಆ ಅಧ್ಯಾಯ ಓದಿ, ಕಂಪನಿಯ ಸೈಟಿನಲ್ಲಿ ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ. ಎಷ್ಟು ವೇಗದ ಮೇಲೆ ಕೆಲಸ ಮಾಡುತ್ತದೆ, ಪೂರ್ತಿ ನಿಲ್ಲುತ್ತದಾ, ನಿಂತ ಮೇಲೆ ತಾನೇ ಹೊರಡುತ್ತದಾ ಇಲ್ಲ ಬಟನ್ ಒತ್ತಬೇಕಾ, ಸಾದಾ ಕ್ರೂಸಿಗೆ (ಮುಂದಿನ ವಾಹನ ನೋಡದೆ ವೇಗ ಮಾತ್ರ ಹಿಡಿದಿಡುವುದು) ಬದಲಾಯಿಸಬಹುದಾ, ಈ ನಾಲ್ಕು ನೋಡಿ. ಒಂದೇ ಹೆಸರಿನ ಎಸಿಸಿ ಒಂದು ಕಾರಿನಲ್ಲಿ ಟ್ರಾಫಿಕ್ಕಿನಲ್ಲಿ ನಿಂತು ಹೊರಡುತ್ತದೆ, ಇನ್ನೊಂದರಲ್ಲಿ 30ರ ಕೆಳಗೆ ಕೈಬಿಡುತ್ತದೆ.

ಬಾಡಿಗೆ ಕಾರು ಕೈಯಲ್ಲಿದ್ದಾಗ ಇನ್ನೊಂದು ಹುಚ್ಚು ಪ್ರಯೋಗ ಮಾಡಿದೆ. ಭಾಮೈದನನ್ನು ಒಪ್ಪಿಸಿ ನನ್ನ ಹಳೇ ಕಾರಿನಲ್ಲಿ ಹಿಂದೆ ಬರಲು ಹೇಳಿದೆ, ಪಕ್ಕದಲ್ಲಿ ಕೂತ ಅವನ ಗೆಳೆಯನ ಕೆಲಸ ನನ್ನ ಬ್ರೇಕ್ ಲೈಟ್ ಎಣಿಸುವುದು. ಅತಿ ಚಿಕ್ಕ ಗ್ಯಾಪಿನಲ್ಲಿ ಎಸಿಸಿ ಹಾಕಿದಾಗ, ನಾನು ಕಾಲಲ್ಲಿ ಓಡಿಸಿದ್ದಕ್ಕಿಂತ ಎರಡು ಪಟ್ಟು ಹತ್ತಿತಂತೆ. "ದೀಪಾವಳಿ ಥರ ಇತ್ತು ಭಾವ" ಅಂದ. ದೊಡ್ಡ ಗ್ಯಾಪಿಗೆ ಹಾಕಿದಾಗ ನನ್ನ ಕಾಲಿಗಿಂತ ಕಡಿಮೆ. 2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗ ಒಂದಿದೆ, 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಓಡಿಸಿದರು, ಯಾವ ಅಡ್ಡಿಯೂ ಇಲ್ಲದೆ ತಾನಾಗಿಯೇ ಜಾಮ್ ಹುಟ್ಟಿತು. ಒಬ್ಬ ಸ್ವಲ್ಪ ಇಳಿಸಿದರೆ ಹಿಂದಿನವನು ಇನ್ನೂ ಜಾಸ್ತಿ ಇಳಿಸುತ್ತಾನೆ. ಚಿಕ್ಕ ಗ್ಯಾಪಿನ ಎಸಿಸಿ ಮಾಡುವುದೂ ಅದನ್ನೇ ಅಂತ ನನಗೆ ಅವತ್ತು ಖಾತ್ರಿಯಾಯಿತು.

ಮೈಲೇಜ್ ಕೂಡ ನೋಡಿದೆ. ದೊಡ್ಡ ಗ್ಯಾಪಿನಲ್ಲಿ ಎಸಿಸಿಗೂ ಕಾಲಿಗೂ ಲೀಟರಿಗೆ ಅರ್ಧ ಕಿಲೋಮೀಟರ್ ಆಚೀಚೆ. ಏರಿಳಿತದ ರಸ್ತೆಯಲ್ಲಿ ಕಾಲೇ ಮೇಲು, ಯಾಕೆಂದರೆ ಕ್ರೂಸ್ ಏರಿನಲ್ಲೂ ವೇಗ ಬಿಟ್ಟುಕೊಡದೆ ಇಂಜಿನ್ನನ್ನು ದುಡಿಸುತ್ತದೆ. ಮೈಲೇಜಿಗಾಗಿ ಎಸಿಸಿ ಅನ್ನುವ ಮಾತನ್ನು ನಂಬಬೇಡಿ.

ಅಂತೂ ತಗೊಂಡೆ. ಕೊಂಡ ಮೇಲೆ ಬಿದ್ದ ಹೊಡೆತ ಒಂದೇ, ಆದರೆ ದೊಡ್ಡದು. ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಟ್ಟಿತು. ಎಸಿಸಿಯ ಕ್ಯಾಮೆರಾ ಇರುವುದು ಆ ಗಾಜಿನ ಹಿಂದೆಯೇ, ಗಾಜು ಬದಲಿಸಿದರೆ ಕ್ಯಾಲಿಬ್ರೇಶನ್ (ಕ್ಯಾಮೆರಾವನ್ನು ಮತ್ತೆ ಸರಿಯಾಗಿ ಹೊಂದಿಸುವುದು) ಮಾಡಿಸಲೇಬೇಕು. ಗಾಜಿನ ದುಡ್ಡು ಇನ್ಶೂರೆನ್ಸ್‌ನವರು ಕೊಟ್ಟರು, ಕ್ಯಾಲಿಬ್ರೇಶನ್‌ಗೆ ಮಾತ್ರ ಇಲ್ಲ ಅಂದರು. ಅದು ಗಾಜಿನ ಬೆಲೆಯ ಅರ್ಧದ ಹತ್ತಿರ ಇತ್ತು. ಬಹಳ ಪತ್ರ ಬರೆದ ಮೇಲೆ ಒಂದಿಷ್ಟು ಬಂತು. ಮುಂದಿನ ವಾಹನ ಗುರುತಿಸುವ ರಾಡಾರ್ ಬಂಪರಿನ ಹಿಂದೆ ಇರುವ ಕಾರಾದರೆ ಬಂಪರಿಗೆ ಪುಟ್ಟಿ, ದಪ್ಪ ಪೇಂಟ್ ಹಾಕಿಸುವಾಗಲೂ ಎಚ್ಚರ ಇರಲಿ. ಈ ಖರ್ಚನ್ನು ಈಗ ಶೀಟಿಗೆ ಸೇರಿಸಿದ್ದೇನೆ. ಗಂಟೆಯ ರೇಟು ಸ್ವಲ್ಪ ಏರಿತು, ಆದರೂ ಗಂಟೆಯ ಪೆಟ್ರೋಲಿಗಿಂತ ಕೆಳಗೇ ಇದೆ.

ಭಾಮೈದ ಕೊನೆಗೆ ಕೆಳಗಿನ ವೇರಿಯಂಟೇ ತಗೊಂಡ, ತಾನೇ ಬ್ರೇಕ್ ಹಾಕುವುದು ಅದರಲ್ಲೂ ಇತ್ತು. ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿದ. ಈಗ ಅವನ ಕೆಲಸ ಬದಲಾಗಿ ವಾರಕ್ಕೆ ಎರಡು ಸಲ ಹೈವೇ ಹಿಡಿಯಬೇಕು. ಹಳೇ ಎಂಟು ಗಂಟೆ ಇನ್ನು ನಡೆಯಲ್ಲ. ಹೋದ ವಾರ ಮೆಮರಿ ಕಾರ್ಡ್ ತಂದು ಟೇಬಲ್ ಮೇಲಿಟ್ಟು ಹೋಗಿದ್ದಾನೆ, ನಾನಿನ್ನೂ ತೆಗೆದು ನೋಡಿಲ್ಲ.