ಫೈಬರ್ ದೋಣಿಯ ಬಿರುಕು: ಎಲ್ಲಿಯವರೆಗೆ ಕೆರೆಯಬೇಕು, ಹೇಗೆ ಪದರ ಹಾಕಬೇಕು

ಮಂಜೇಶ್ವರದಿಂದ ಕಾಸರಗೋಡು ಕಸಬದವರೆಗಿನ ಕಡಲ ದಂಡೆಯಲ್ಲಿ ಫೈಬರ್ ದೋಣಿಗಳನ್ನು ಮರಳಿನ ಮೇಲೆಯೇ ಎಳೆದು ಇಡುತ್ತಾರೆ. ಮೊದಲು ಸವೆಯುವುದು ಅಡಿಭಾಗ. ಎಂಜಿನ್ ತೂಗುವ ಹಿಂಬದಿಯ ಮೂಲೆಗಳಿಗೂ ಪೆಟ್ಟು ಜಾಸ್ತಿ. ಅಲ್ಲಿ ಕಂಡ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಸ್ವಲ್ಪ ದಿನ ನೀರು ಒಳಬರುವುದು ನಿಲ್ಲುತ್ತದೆ, ಬಿರುಕು ಬೆಳೆಯುವುದು ನಿಲ್ಲುವುದಿಲ್ಲ. ಪುಟ್ಟಿಯಲ್ಲಿ ಎರಡೂ ಬದಿಯನ್ನು ಹಿಡಿದುಕೊಳ್ಳುವ ಗಾಜಿನ ನೂಲು ಇರುವುದಿಲ್ಲ.

ಗಾಜಿನ ಮೇಲೆ ಪ್ರಯೋಗ ಮಾಡಿ ಇಂಗ್ಲಿಷ್ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ತೋರಿಸಿದ ಲೆಕ್ಕ ಹೀಗಿದೆ: ಬಿರುಕು ನಾಲ್ಕು ಪಟ್ಟು ಉದ್ದವಾದರೆ ಅದು ಸೀಳಿ ಮುಂದುವರಿಯಲು ಅರ್ಧ ಒತ್ತಡ ಸಾಕು. ಫೈಬರಿನಲ್ಲಿ ಇನ್ನೊಂದು ತೊಡಕಿದೆ. ಅಡ್ಡಲಾಗಿ ಹೋಗಲು ನೂಲು ಬಿಡದಿದ್ದರೆ ಬಿರುಕು ಪಕ್ಕಕ್ಕೆ ತಿರುಗಿ ಪದರಗಳ ನಡುವೆ ನುಗ್ಗುತ್ತದೆ. ಅಲ್ಲಿ ಇರುವುದು ಬರೀ ರೆಸಿನ್, ಅಂದರೆ ನೂಲನ್ನು ಹಿಡಿದಿಡುವ ಅಂಟು. ಲೋಹದಲ್ಲಿ ಮಾಡುವಂತೆ ಬಿರುಕಿನ ತುದಿಗೆ ತೂತು ಕೊರೆದರೆ ಮೇಲಿನ ಗೆರೆ ನಿಲ್ಲಬಹುದು, ಒಳಗೆ ಪದರ ಬಿಡುವುದು ಮುಂದುವರಿಯುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ಗೆರೆಯನ್ನಲ್ಲ, ಒಳಗೆ ಬಿಟ್ಟುಕೊಂಡ ಜಾಗವನ್ನು ಮೊದಲು ಹುಡುಕಿ.

ಒಂದು ರೂಪಾಯಿ ನಾಣ್ಯದ ಅಂಚಿನಿಂದ ಬಿರುಕಿನ ಸುತ್ತ ಬೆರಳಗಲಕ್ಕೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ‘ಟಣ್’ ಎನ್ನುತ್ತದೆ, ಪದರ ಬಿಟ್ಟ ಜಾಗ ‘ಡಬ್’ ಎನ್ನುತ್ತದೆ. ದನಿ ಬದಲಾಗುವಲ್ಲೆಲ್ಲ ಮಾರ್ಕರ್‌ನಿಂದ ಗುರುತು ಹಾಕಿ, ಅದರಿಂದ ಇನ್ನೂ 2 ಸೆಂ.ಮೀ. ಹೊರಗೆ ಗೆರೆ ಎಳೆಯಿರಿ. ಅಂಗೈ ಉದ್ದದ ಬಿರುಕಿಗೆ ಊಟದ ತಟ್ಟೆಯಷ್ಟು ಜಾಗ ಕೆರೆಯಬೇಕಾಗಿ ಬಂದರೆ ಹಿಂಜರಿಯಬೇಡಿ.

ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಗ್ರೈಂಡರ್ ಮುಟ್ಟಿಸುವ ಮೊದಲೇ ಅಸಿಟೋನ್ ಬಟ್ಟೆಯಿಂದ ಎಣ್ಣೆ, ಡೀಸೆಲ್ ಒರೆಸಿ. ನಂತರ ಒರೆಸಿದರೆ ಜಿಡ್ಡು ಗೀರುಗಳೊಳಗೆ ಇಳಿದಿರುತ್ತದೆ. ಗ್ರೈಂಡರಿಗೆ 40 ನಂಬರಿನ ಒರಟು ಉಜ್ಜುವ ಡಿಸ್ಕ್ ಹಾಕಿ, ಮಾಸ್ಕ್ ಮತ್ತು ಕನ್ನಡಕ ಧರಿಸಿ, ಬಿಟ್ಟ ಪದರವೆಲ್ಲ ಹೋಗುವವರೆಗೆ ಕೆರೆಯಿರಿ. ಅಂಚನ್ನು ಇಳಿಜಾರು ಮಾಡಿ: 1 ಮಿ.ಮೀ. ದಪ್ಪಕ್ಕೆ 12 ಮಿ.ಮೀ. ಅಗಲ, ಅಂದರೆ 6 ಮಿ.ಮೀ. ದಪ್ಪದ ಅಡಿಭಾಗಕ್ಕೆ ಸುತ್ತಲೂ 72 ಮಿ.ಮೀ. ಹಚ್ಚಿದ ತೇಪೆ ಕಿತ್ತು ಬರುವುದಕ್ಕೆ ಮೊಂಡು ಅಂಚೇ ದೊಡ್ಡ ಕಾರಣ. ಎಳೆತವೆಲ್ಲ ಒಂದೇ ಗೆರೆಯಲ್ಲಿ ಸೇರಿ ಅಲ್ಲಿಂದಲೇ ಸಿಪ್ಪೆಯಂತೆ ಏಳುತ್ತದೆ. ಆರುಪಾರು ತೂತಾಗಿದ್ದರೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಸುತ್ತಿದ ಪ್ಲೈವುಡ್ ತುಂಡನ್ನು ಆನಿಸಿ.

ಆಟಿ ತಿಂಗಳ (ಮಳೆಗಾಲದ) ತೇವದಲ್ಲಿ ಈ ಕೆಲಸ ಬೇಡ. ಕೆರೆದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಬಿಸಿಲಲ್ಲಿ ಬಿಡಿ. ಒಳಗೆ ಹನಿ ಕಟ್ಟಿದರೆ ಇನ್ನೂ ಒಣಗಿಲ್ಲ.

ದೋಣಿಗೆ ಕೈಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಹಳೆಯ ಫೈಬರ್ ತುಂಡನ್ನು ಹಾಗೆಯೇ ಕೆರೆದು, ಒಂದು ತುದಿಯಲ್ಲಿ 5 ಸೆಂ.ಮೀ.ನಷ್ಟು ತೆಳು ಪ್ಲಾಸ್ಟಿಕ್ ಇಟ್ಟು, ಮೇಲೆ, ಮುಂದೆ ಹೇಳುವ ಕ್ರಮದಲ್ಲಿ, ಮೂರು ಪದರ ಹಾಕಿ. ಚೆನ್ನಾಗಿ ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ ಇದ್ದ ಸೀಳಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿ. ಸೀಳಿದ ಎರಡೂ ಮುಖಗಳಲ್ಲಿ ಬಿಳಿ ನೂಲಿನ ಎಳೆಗಳು ಎದ್ದಿದ್ದರೆ ಅಂಟು ಹಿಡಿದಿದೆ. ಮುಖ ನುಣುಪಾಗಿ ಹೊಳೆದರೆ ಕೆರೆತ ಸಾಲದು, ಇಲ್ಲವೇ ಜಿಡ್ಡು ಉಳಿದಿದೆ. ಪ್ರಯೋಗಾಲಯದ ‘ಡಬಲ್ ಕ್ಯಾಂಟಿಲಿವರ್ ಬೀಮ್’ ಪರೀಕ್ಷೆಯ ತತ್ವವೂ ಇದೇ. ಅಲ್ಲಿ 20ರಿಂದ 25 ಮಿ.ಮೀ. ಅಗಲದ ಪಟ್ಟಿಯನ್ನು ಯಂತ್ರ ನಿಧಾನವಾಗಿ ಅಗಲಿಸುತ್ತದೆ, ಬಿರುಕು ಮುಂದುವರಿಯಲು ಎಷ್ಟು ಶಕ್ತಿ ಹಿಡಿಯಿತೆಂದು ಲೆಕ್ಕ ಹಾಕುತ್ತಾರೆ.

ರೆಸಿನ್ ಐಸೋಫ್ಥಾಲಿಕ್ ಪಾಲಿಯೆಸ್ಟರ್ ಆದರೆ ನೀರಿಗೆ ಒಳ್ಳೆಯದು. ಒಮ್ಮೆಗೆ ಅರ್ಧ ಕಿಲೋ ಮಾತ್ರ ಕಲಸಿ. ಬೇಗ ಗಟ್ಟಿಯಾಗಲು ಸೇರಿಸುವ ಕೋಬಾಲ್ಟ್ ದ್ರವ ಮೊದಲೇ ಬೆರೆತ ರೆಸಿನ್ ಕೊಂಡರೆ ಕ್ಷೇಮ. ಕೋಬಾಲ್ಟನ್ನೂ ಹಾರ್ಡನರನ್ನೂ (ರೆಸಿನ್ ಗಟ್ಟಿಯಾಗಿಸುವ ದ್ರವ) ನೇರವಾಗಿ ಎಂದೂ ಬೆರೆಸಬೇಡಿ, ಸಿಡಿಯುತ್ತದೆ. ನಮ್ಮ ಕರಾವಳಿಯ ಸೆಕೆಗೆ ಅರ್ಧ ಕಿಲೋಗೆ 5ರಿಂದ 6 ಗ್ರಾಂ ಹಾರ್ಡನರ್ ಸಾಕು. ಶೇ. 1ಕ್ಕಿಂತ ಕಡಿಮೆ ಹಾಕಿದರೆ ರೆಸಿನ್ ಪೂರ್ತಿ ಗಟ್ಟಿಯಾಗದೆ ಉಳಿಯುವ ಭಯ.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ನೂಲಿನ ಚಾಪೆ) ಒಂದು ಪದರ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ, ಚದರ ಮೀಟರಿಗೆ ಸುಮಾರು 1 ಕಿಲೋ ರೆಸಿನ್ ಹಿಡಿಯುತ್ತದೆ. ಮೊದಲು ಎಲ್ಲಕ್ಕಿಂತ ದೊಡ್ಡ ತುಂಡು, ಆಮೇಲೆ ಚಿಕ್ಕದಾಗುತ್ತ ಬರಲಿ. ಹಳೆಯ ಮೈಗೆ ಇಡೀ ಇಳಿಜಾರಿನಲ್ಲಿ ಒಂದೇ ಪದರ ಅಂಟುತ್ತದೆ. ನೇಯ್ದ ರೋವಿಂಗ್ (ದಪ್ಪ ಗಾಜಿನ ನೂಲಿನ ಬಟ್ಟೆ) ಬಳಸುವುದಾದರೆ ಎರಡು ರೋವಿಂಗ್ ನಡುವೆ ಮ್ಯಾಟ್ ಇರಲೇಬೇಕು. ಮಧ್ಯದಿಂದ ಅಂಚಿಗೆ ರೋಲರ್ ಎಳೆದು ಗುಳ್ಳೆ ತೆಗೆಯಿರಿ; ಬಿಳಿಯಾಗಿ ಉಳಿದ ಕಡೆ ರೆಸಿನ್ ಇಳಿದಿಲ್ಲ. ಒಮ್ಮೆಗೆ ಮೂರು ಪದರ ಹಾಕಿ, ಬಿಸಿ ಇಳಿದ ಮೇಲೆ ಉಳಿದದ್ದನ್ನು ಹಾಕಿ. ಒಟ್ಟಿಗೇ ಹಾಕಿದರೆ ಕಾವು ಏರಿ, ಕುಗ್ಗಿ, ಹೊಸ ಬಿರುಕೇ ಹುಟ್ಟುತ್ತದೆ. ಕೊನೆಯ ಲೇಪಕ್ಕೆ ಮೇಣ ಬೆರೆತ ರೆಸಿನ್ ಬಳಸಿ, ಇಲ್ಲದಿದ್ದರೆ ಗಾಳಿ ತಾಗಿ ಮೇಲ್ಮೈ ಅಂಟಂಟಾಗಿಯೇ ಇರುತ್ತದೆ.

ಒಂದು ವಾರ ನೆರಳಲ್ಲಿ ಬಿಡಿ. ನೀರಿಗಿಳಿಸುವ ಮೊದಲು ಅದೇ ನಾಣ್ಯದಿಂದ ಅಂಚಿನುದ್ದಕ್ಕೂ ತಟ್ಟಿ ನೋಡಿ. ‘ಡಬ್’ ಎಂದ ಕಡೆಯನ್ನು ಕೆರೆದು ಮತ್ತೆ ಹಾಕಿ.