ಇಂಟರ್ವ್ಯೂಗೆ ಬಾಯಿಪಾಠ ಬೇಡ, ಐದು ಘಟನೆ ರೆಡಿ ಇಟ್ಕೊಳ್ಳಿ

ಪರಿಚಯದ ಹುಡುಗ್ರು ಹುಡುಗೀರು ಇಂಟರ್ವ್ಯೂಗೆ ಮುಂಚೆ ನನ್ನ ಹತ್ರ ಬಂದು ಪ್ರಾಕ್ಟೀಸ್ ಮಾಡ್ತಾರೆ, ಮುಕ್ಕಾಲು ಪಾಲು ಜನ ಎಡವೋದು ಒಂದೇ ಜಾಗದಲ್ಲಿ. ಸಬ್ಜೆಕ್ಟ್ ಓದಿರ್ತಾರೆ, ಫೈಲು ನೀಟಾಗಿ ಜೋಡಿಸಿರ್ತಾರೆ, ಆದ್ರೆ "ನೀವೇ ಮಾಡಿದ ಒಂದು ಕೆಲಸ ಹೇಳಿ" ಅಂದ್ರೆ "ನಾನು ಹಾರ್ಡ್ ವರ್ಕಿಂಗು, ಟೀಮ್ ಪ್ಲೇಯರು" ಅಂತ ಶುರು ಮಾಡಿ ಎರಡನೇ ವಾಕ್ಯಕ್ಕೇ ನಿಂತ್ಬಿಡ್ತಾರೆ. ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು ಕೆಲಸದ ಜಾಹೀರಾತನ್ನ ಪ್ರಿಂಟ್ ತಗೊಂಡು ಕೂತ್ಕೊಳ್ಳಿ. ಏನೇನು ಮಾಡಬೇಕು ಅಂತ ಹೇಳಿರೋ ಸಾಲುಗಳಿಗೆ ಗೆರೆ ಎಳೆದು, ಪಕ್ಕದಲ್ಲಿ "ಇದನ್ನ ನಾನು ಎಲ್ಲಿ ಮಾಡಿದ್ದೆ" ಅಂತ ಎರಡು ಪದ ಬರೀರಿ. ಕಾಲೇಜ್ ಪ್ರಾಜೆಕ್ಟ್ ಆದ್ರೂ ಸರಿ. ಪಕ್ಕದಲ್ಲಿ ಖಾಲಿ ಉಳಿದ ಸಾಲುಗಳ ಬಗ್ಗೆ ಪ್ರಶ್ನೆ ಬಂದೇ ಬರುತ್ತೆ ಅಂದ್ಕೊಂಡು ತಯಾರಾಗಿ.

ಕಂಪನಿ ಏನು ಮಾಡುತ್ತೆ, ಯಾರಿಗೆ ಮಾರುತ್ತೆ ಅಂತ ಅರ್ಧ ಗಂಟೆ ಓದಿದ್ರೆ ಸಾಕು.

ಆಮೇಲೆ ರೆಸ್ಯೂಮೆ. ಪ್ರತಿ ಸಾಲಿಗೂ "ಹೇಗೆ?" ಅಂತ ನೀವೇ ಕೇಳ್ಕೊಳ್ಳಿ. ಉತ್ತರ ಇಲ್ದೇ ಇರೋ ಸಾಲನ್ನ ಅಳಿಸಿಬಿಡಿ, ಎಷ್ಟೇ ಚೆನ್ನಾಗಿ ಕಂಡ್ರೂ.

ಈಗ ಕಷ್ಟದ ಭಾಗಕ್ಕೆ ಬರೋಣ. ಸಂದರ್ಶಕರು ಘಟನೆಗಳನ್ನೇ ಯಾಕೆ ಕೇಳ್ತಾರೆ ಗೊತ್ತಾ? ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ ವಾಯುಪಡೆಗೆ ಪೈಲಟ್‌ಗಳನ್ನ ಆರಿಸೋ ಸಂಶೋಧನೆಯಲ್ಲಿದ್ರು. ಒಳ್ಳೆ ಪೈಲಟ್ ಅಂದ್ರೆ ಹೇಗಿರಬೇಕು ಅಂತ ಅಭಿಪ್ರಾಯ ಕೇಳೋದಕ್ಕಿಂತ, ನಿಜವಾಗಿ ನಡೆದ ಒಂದು ಸಂದರ್ಭದಲ್ಲಿ ಯಾರು ಏನು ಮಾಡಿದ್ರು ಅಂತ ಕೇಳಿದ್ರೆ ಕೆಲಸಕ್ಕೆ ಬರೋ ಮಾಹಿತಿ ಸಿಗುತ್ತೆ ಅನ್ನೋದು ಅವರ ದಾರಿ, ಅದನ್ನ ವಿವರವಾಗಿ ಪ್ರಕಟಿಸಿದ್ದು 1954ರಲ್ಲಿ. ಇವತ್ತಿನ ಇಂಟರ್ವ್ಯೂಗಳಲ್ಲಿ "ಒಂದು ಸಂದರ್ಭ ಹೇಳಿ" ಅನ್ನೋದರ ಹಿಂದಿರೋದೂ ಇದೇ ಯೋಚನೆ.

ಹೋದ ಸಲ ಒಬ್ಬ ಹುಡುಗಿ ಬಂದಿದ್ಲು, ರೆಸ್ಯೂಮೆಯಲ್ಲಿ "ಗ್ರಾಹಕರ ದೂರು ನಿರ್ವಹಣೆ" ಅಂತ ಇತ್ತು. ಒಂದು ದೂರಿನ ಬಗ್ಗೆ ಹೇಳಮ್ಮ ಅಂದೆ. "ಎಲ್ಲಾ ದೂರುಗಳನ್ನ ಸಮಯಕ್ಕೆ ಸರಿಯಾಗಿ ಪರಿಹರಿಸ್ತಿದ್ವಿ ಮೇಡಂ" ಅಂದ್ಲು. ಎಲ್ಲಾ ಬೇಡ, ಒಂದೇ ಒಂದು ದಿನದ್ದು ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು: ಒಬ್ಬ ಗ್ರಾಹಕರು ಮೂರು ಸಲ ಫೋನ್ ಮಾಡಿದ್ರಂತೆ, ಪ್ರತಿ ಸಲ ಬೇರೆ ಬೇರೆಯವರು ಎತ್ತಿ ಮೊದಲಿಂದ ಕಥೆ ಕೇಳಿದ್ರಂತೆ, ಮೂರನೇ ಸಲ ಇವಳು ಎತ್ತಿದಾಗ ಆಯಪ್ಪ ಕೂಗಾಡಿಬಿಟ್ರಂತೆ. ಅವತ್ತು ಸಂಜೆ ಇವಳೇ ಒಂದು ಶೀಟ್ ಮಾಡಿ, ಫೋನ್ ಎತ್ತಿದವರು ಎರಡು ಸಾಲು ಬರೆದೇ ಇಡಬೇಕು ಅಂತ ಎಲ್ಲರನ್ನೂ ಒಪ್ಪಿಸಿದ್ಲು. ಆಮೇಲೆ ಯಾರಿಗೂ ಎರಡನೇ ಸಲ ಕಥೆ ಹೇಳೋ ಪಾಡು ಬರಲಿಲ್ಲ. ಇದನ್ನ ಯಾಕೆ ಬರೆದಿಲ್ಲ ಅಂದ್ರೆ "ಅದೇನ್ ಅಂಥಾ ದೊಡ್ಡ ವಿಷಯ ಮೇಡಂ" ಅಂತಾಳೆ! ಅವಳ ಇಡೀ ಇಂಟರ್ವ್ಯೂನ ಬೆಸ್ಟ್ ಉತ್ತರ ಅದೇ.

ಇಂಥ ಐದು ಘಟನೆ ಹುಡುಕಿ. ಜಗಳ ಬಗೆಹರಿಸಿದ್ದು, ಟೈಮ್ ಸಾಲದೇ ಒದ್ದಾಡಿದ್ದು, ಹೊಸದೇನೋ ಕಲಿತಿದ್ದು, ನೀವಾಗಿ ಮುಂದೆ ಬಂದು ಮಾಡಿದ್ದು, ಮತ್ತೆ ಒಂದು ನಿಜವಾದ ತಪ್ಪು. ತಪ್ಪಿನ ಪ್ರಶ್ನೆಗೆ "ನಾನು ತುಂಬಾ ಪರ್ಫೆಕ್ಷನಿಸ್ಟ್" ಅನ್ನೋ ಉತ್ತರ ದಯವಿಟ್ಟು ಬೇಡ, ತಪ್ಪು ಏನು, ಆಮೇಲೆ ನಿಮ್ಮ ಕೆಲಸದ ರೀತಿಯಲ್ಲಿ ಏನು ಬದಲಾಯ್ತು ಅಂತ ಹೇಳಿ.

ಹೇಳೋ ಕ್ರಮಕ್ಕೆ ಸ್ಟಾರ್ (STAR, ಇಂಗ್ಲಿಷ್‌ನ Situation, Task, Action, Result ಪದಗಳ ಮೊದಲಕ್ಷರ) ಅಂತಾರೆ: ಸಂದರ್ಭ, ನಿಮ್ಮ ಜವಾಬ್ದಾರಿ, ನೀವು ಮಾಡಿದ್ದು, ಆಗಿದ್ದು. ಎಲ್ಲರೂ ಸಂದರ್ಭಕ್ಕೇ ಎರಡು ನಿಮಿಷ ತಿಂದುಬಿಡ್ತಾರೆ, ಮುಖ್ಯವಾದ ಮೂರನೇ ಭಾಗ ಬರೋಷ್ಟರಲ್ಲಿ ಕೇಳೋರಿಗೆ ಸುಸ್ತು. ಮೊದಲೆರಡನ್ನೂ ಇಪ್ಪತ್ತು ಸೆಕೆಂಡಲ್ಲಿ ಮುಗಿಸಿ, ಮೂರನೇದಕ್ಕೆ ಒಂದು ನಿಮಿಷ ಕೊಡಿ. ಇನ್ನೊಂದು, ನಮ್ಮ ಭಾಷೆಯಲ್ಲಿ "ಮಾಡಿದ್ವಿ, ನೋಡಿದ್ವಿ" ಅಂತಲೇ ಬಾಯಿಗೆ ಬರುತ್ತೆ, ಅದು ವಿನಯ ಇರಬಹುದು, ಆದ್ರೆ ಅದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಗೊತ್ತಾಗಲ್ಲ. ನೀವು ಮಾಡಿದ್ದಕ್ಕೆ "ಮಾಡಿದೆ" ಅನ್ನಿ.

ಪೂರ್ತಿ ವಾಕ್ಯ ಬರೆದು ಉರು ಹೊಡೀಬೇಡಿ. ಘಟನೆಗೆ ಐದಾರು ಪದ ಬರೆದಿಟ್ಟು, ಜೋರಾಗಿ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ, ಪ್ರತಿ ಸಲ ಮಾತು ಸ್ವಲ್ಪ ಬೇರೆ ಬಂದ್ರೆ ಒಳ್ಳೇದೇ. ಉರು ಹೊಡೆದವರನ್ನ ಮಧ್ಯದಲ್ಲಿ ತಡೆದು ಒಂದು ಪ್ರಶ್ನೆ ಕೇಳಿದ್ರೆ ಎಲ್ಲಿ ಬಿಟ್ಟೆ ಅಂತ ಹುಡುಕೋಕೆ ಶುರು ಮಾಡ್ತಾರೆ. "ನೂರು ಪ್ರಶ್ನೆ ನೂರು ಉತ್ತರ" ಅಂತ ಮಾರೋ ಪಿಡಿಎಫ್‌ಗಳಿಗೆ ದುಡ್ಡು ಹಾಕಬೇಡಿ. ಎಐ ಬರೆದುಕೊಟ್ಟ ಉತ್ತರದ್ದೂ ಅದೇ ಕಥೆ, ಆದ್ರೆ ಎಐಗೆ ಪ್ರಶ್ನೆ ಕೇಳು ಅಂತ ಹೇಳಿ ನೀವು ಉತ್ತರ ಕೊಟ್ಟು ಅಭ್ಯಾಸ ಮಾಡೋದು ನಿಜಕ್ಕೂ ಉಪಯೋಗ.

"ನಿಮ್ಮ ಬಗ್ಗೆ ಹೇಳಿ" ಅಂದ್ರೆ ಈಗ ಏನು ಮಾಡ್ತಿದ್ದೀರಿ, ಮೊದಲು ಏನು ಮಾಡಿದ್ರಿ, ಇಲ್ಲಿಗೆ ಯಾಕೆ ಬಂದ್ರಿ, ಒಂದೂವರೆ ನಿಮಿಷ. ಅಪ್ಪ ಅಮ್ಮನ ಹೆಸರು, ಹವ್ಯಾಸ ಬೇಡ. ಗೊತ್ತಿಲ್ದೇ ಇರೋದಕ್ಕೆ ಗೊತ್ತಿಲ್ಲ ಅನ್ನಿ, ಹೇಗೆ ಹುಡುಕ್ತೀನಿ ಅಂತ ಸೇರಿಸಿ.

ಎದುರಿಗಿರೋರು ತಲೆ ತಗ್ಗಿಸಿ ಬರೀತಾನೇ ಇದ್ರೆ ಗಾಬರಿ ಬೀಳಬೇಡಿ. ತುಂಬಾ ಕಡೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಉತ್ತರಕ್ಕೆ ಮಾರ್ಕ್ಸ್ ಹಾಕ್ತಾರೆ, ಅವರು ನಿಮ್ಮ ಮಾತನ್ನೇ ಗುರುತು ಹಾಕ್ಕೊಳ್ತಿರ್ತಾರೆ.

ಬಟ್ಟೆ ಹಿಂದಿನ ದಿನವೇ ತೆಗೆದಿಡಿ, ಹೊಸ ಶೂ ಅವತ್ತೇ ಮೊದಲ ಸಲ ಹಾಕಬೇಡಿ. ಆನ್‌ಲೈನ್ ಆದ್ರೆ ಲ್ಯಾಪ್‌ಟಾಪ್ ಕೆಳಗೆ ನಾಲ್ಕು ಪುಸ್ತಕ ಇಟ್ಟು ಕ್ಯಾಮೆರಾ ಕಣ್ಣಿನ ಎತ್ತರಕ್ಕೆ ತನ್ನಿ, ಕಿಟಕಿ ಬೆನ್ನ ಹಿಂದೆ ಇದ್ರೆ ಮುಖ ಕಪ್ಪಾಗಿ ಕಾಣುತ್ತೆ, ಎದುರಿಗಿರಲಿ.

ಕೊನೇಲಿ "ನಿಮಗೇನಾದ್ರೂ ಕೇಳೋದಿದ್ಯಾ?" ಅಂದಾಗ ಇಲ್ಲ ಅನ್ನಬೇಡಿ. "ಈ ಜಾಗಕ್ಕೆ ಬಂದವರು ಮೊದಲ ಮೂರು ತಿಂಗಳಲ್ಲಿ ಏನು ಮಾಡಿ ತೋರಿಸಬೇಕು?" ಅಂತ ಕೇಳಿ, ನನಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಸಿಕ್ಕಿಲ್ಲ. ಹೊರಗೆ ಬಂದ ತಕ್ಷಣ, ಮನೆಗೆ ಫೋನ್ ಮಾಡೋಕೂ ಮುಂಚೆ, ಅವರು ಕೇಳಿದ ಪ್ರಶ್ನೆಗಳನ್ನೆಲ್ಲಾ ಬರೆದಿಟ್ಕೊಳ್ಳಿ. ಎರಡನೇ ರೌಂಡ್‌ನಲ್ಲಿ ನೀವು ತಡವರಿಸಿದ ಜಾಗವನ್ನೇ ಮತ್ತೆ ಕೆದಕೋ ಸಾಧ್ಯತೆ ಜಾಸ್ತಿ.