ಉಳಿದ ಬಟ್ಟೆಚೂರುಗಳಿಂದ ಹೊಲಿಗೆ ಮೇಜಿನ ಸಲಕರಣೆಗಳು

ಉಡುಪು ಕತ್ತರಿಸಿದ ಮೇಲೆ ಉಳಿಯುವ ಅಂಗೈಯಗಲದ ಚೂರುಗಳು ಹೊಲಿಗೆ ಮೇಜಿನ ಸಣ್ಣಪುಟ್ಟ ಸಲಕರಣೆಗಳಿಗೆ ಧಾರಾಳವಾಗಿ ಸಾಕಾಗುತ್ತವೆ. ಆದರೆ ಯಾವ ಬಟ್ಟೆ ಯಾವ ಕೆಲಸಕ್ಕೆ ಒದಗುತ್ತದೆ ಎಂಬುದನ್ನು ಮೊದಲೇ ವಿಂಗಡಿಸಿಕೊಳ್ಳಬೇಕು. ಒತ್ತಾದ ನೇಯ್ಗೆಯ ಹತ್ತಿ ಬಟ್ಟೆ ಬಹುತೇಕ ಎಲ್ಲಕ್ಕೂ ಆಗುತ್ತದೆ. ಜೀನ್ಸ್, ಕ್ಯಾನ್ವಾಸಿನಂಥ ದಪ್ಪ ಚೂರುಗಳನ್ನು ಕತ್ತರಿಯ ಒರೆಗೆ, ಫೆಲ್ಟ್ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ಚೂರುಗಳನ್ನು ಸೂಜಿಗಳಿಗೆ ತೆಗೆದಿಡಬಹುದು. ಎಳೆ ಬಿಚ್ಚಿಕೊಳ್ಳುವ ರೇಷ್ಮೆ, ಸ್ಯಾಟಿನ್ ಚೂರುಗಳಿಗೆ ತೆಳುವಾದ ಹತ್ತಿ ಬಟ್ಟೆಯ ಲೈನಿಂಗ್ ಕೊಡದೆ ಹೊಲಿಯಬಾರದು. ಯಾವುದೇ ಚೂರನ್ನು ಇಸ್ತ್ರಿ ಮಾಡಿದ ನಂತರವೇ ಅಳೆಯಬೇಕು, ಏಕೆಂದರೆ ಇಷ್ಟು ಚಿಕ್ಕ ವಸ್ತುವಿನಲ್ಲಿ ಅಳತೆ ತುಸು ತಪ್ಪಿದರೂ ಸೊಟ್ಟ ಎದ್ದು ಕಾಣುತ್ತದೆ. ಇಲ್ಲಿನ ಅಳತೆಗಳಲ್ಲಿ ಹೊಲಿಗೆಗೆ ಬೇಕಾದ 6 ಮಿ.ಮೀ. ಅಂಚು ಸೇರಿದೆ.

ಮೊದಲು ಗುಂಡುಸೂಜಿಯ ದಿಂಬನ್ನು ಹೊಲಿಯುವುದು ಒಳ್ಳೆಯದು. 11 ಸೆಂ.ಮೀ. ಚೌಕದ ಎರಡು ಚೂರುಗಳ ಹೊರಮೈಗಳು ಎದುರುಬದುರಾಗುವಂತೆ ಜೋಡಿಸಿ, ಒಂದು ಬದಿಯ ನಡುವೆ 4 ಸೆಂ.ಮೀ. ಬಿಟ್ಟು, ಸುತ್ತಲೂ 2 ಮಿ.ಮೀ. ಉದ್ದದ ಸಣ್ಣ ಟಾಕಿಗಳಲ್ಲಿ ಹೊಲಿಯಬೇಕು. ತೆರವನ್ನು ಮೂಲೆಯಲ್ಲಿ ಬಿಟ್ಟರೆ ಆ ಮೂಲೆ ಎಂದೂ ಚೂಪಾಗಿ ನಿಲ್ಲುವುದಿಲ್ಲ. ಮೂಲೆಗಳ ಹೆಚ್ಚುವರಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಮಗುಚಿ, ಪೆನ್ಸಿಲಿನ ಮೊಂಡು ತುದಿಯಿಂದ ಮೂಲೆಗಳನ್ನು ಹೊರಗೆ ತಳ್ಳಬೇಕು.

ದಿಂಬಿನ ಗುಣವೆಲ್ಲ ಅದರ ಒಳಗೆ ತುಂಬುವ ವಸ್ತುವಿನಲ್ಲಿದೆ ಎಂದು ನಾನು ನಂಬುತ್ತೇನೆ. ಹತ್ತಿ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಅದರಲ್ಲಿ ಬಹುಕಾಲ ಚುಚ್ಚಿಟ್ಟ ಸೂಜಿಗೆ ತುಕ್ಕು ಹಿಡಿಯಬಹುದು. ಹೆಚ್ಚು ತೊಳೆಯದ ಉಣ್ಣೆಯಲ್ಲಿ ಉಳಿದಿರುವ ಸಹಜ ಜಿಡ್ಡು ಅದನ್ನು ತಡೆಯಲು ನೆರವಾಗುತ್ತದೆ. ಉಣ್ಣೆ ಸಿಗದಿದ್ದರೆ ಚೆನ್ನಾಗಿ ಒಣಗಿದ ಮರದ ಹೊಟ್ಟನ್ನು ತುಂಬಬಹುದು. ಬಟ್ಟೆಯ ಪುಡಿಚೂರುಗಳನ್ನೇ ತುಂಬುವವರು ಗಂಟು ಮತ್ತು ದಪ್ಪ ಹೊಲಿಗೆಗಳಿರುವ ಭಾಗವನ್ನು ತೆಗೆದುಹಾಕಬೇಕು, ಇಲ್ಲದಿದ್ದರೆ ಸೂಜಿ ಒಳಗೆ ಇಳಿಯದೆ ತಡೆಯುತ್ತದೆ. ಮೊದಲು ನಾಲ್ಕೂ ಮೂಲೆಗಳನ್ನು ತುಂಬಿ, ಆಮೇಲೆ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೂ ಗುಳಿ ಬೀಳದಷ್ಟು ಗಟ್ಟಿಯಾಗಿ ತುಂಬಬೇಕು. ಸಾಕೆನಿಸಿದ ಮೇಲೂ ಒಂದು ಹಿಡಿ ಹೆಚ್ಚಿಗೆ ಹಿಡಿಸುತ್ತದೆ. ಸೂಜಿಯ ಮೊನೆ ಕೆಳಗಿನಿಂದ ಹೊರಬಂದು ಮೇಜನ್ನು ಗೀರದಂತೆ ತಳದಲ್ಲಿ ದಪ್ಪ ರಟ್ಟಿನ ತುಂಡೊಂದನ್ನು ಇಟ್ಟು, ತೆರವನ್ನು ಕೈಹೊಲಿಗೆಯಿಂದ ಮುಚ್ಚಬೇಕು.

ಸೂಜಿಗಳಿಗೆ ಪುಟ್ಟ ಪುಸ್ತಕವೇ ಲೇಸು. 20 × 12 ಸೆಂ.ಮೀ. ಅಳತೆಯ ಎರಡು ಚೂರುಗಳನ್ನು ದಿಂಬಿನಂತೆಯೇ ಹೊಲಿದು ಮಗುಚಿ, ಇಸ್ತ್ರಿ ಹಾಕಿ, ತೆರವನ್ನು ಮುಚ್ಚಿದರೆ ಹೊದಿಕೆ ಸಿದ್ಧ. ಅದರ ಮೇಲೆ 17 × 9 ಸೆಂ.ಮೀ. ಫೆಲ್ಟಿನ ಎರಡು ಹಾಳೆಗಳನ್ನಿಟ್ಟು ನಟ್ಟನಡುವೆ ಒಂದೇ ಗೆರೆಯಲ್ಲಿ ಹೊಲಿಯಬೇಕು. ಫೆಲ್ಟಿನ ಎಳೆ ಬಿಚ್ಚಿಕೊಳ್ಳದ ಕಾರಣ ಅದರ ಅಂಚನ್ನು ಮಡಿಸುವ ಅಗತ್ಯವಿಲ್ಲ. ಸ್ವಲ್ಪವೇ ಬಳಸಿ ತೆಗೆದ ಯಂತ್ರದ ಸೂಜಿಗಳಿಗೆ ಒಂದು ಪುಟವನ್ನು ಮೀಸಲಿಡುವುದು ಬಹಳ ಉಪಯುಕ್ತ, ಏಕೆಂದರೆ ಹೊಸದರೊಡನೆ ಬೆರೆತರೆ ಅವನ್ನು ಕಣ್ಣಳತೆಯಿಂದ ಗುರುತಿಸಲಾಗದು.

ಕಾಗದದ ಮಾದರಿ ಬಟ್ಟೆಯ ಮೇಲೆ ಸರಿಯದಂತೆ ಹಿಡಿಯುವ ತೂಕದ ಚೀಲಗಳು ಗುಂಡುಸೂಜಿ ಚುಚ್ಚುವ ಕೆಲಸವನ್ನು ಎಷ್ಟೋ ಉಳಿಸುತ್ತವೆ. ಸೂಜಿಯ ತೂತು ಉಳಿದುಬಿಡುವ ನಯವಾದ ಬಟ್ಟೆಗೆ ಇವು ಬೇಕೇ ಬೇಕು. 16 × 8 ಸೆಂ.ಮೀ. ಚೂರನ್ನು ಒಳಮೈ ಹೊರಗಿರುವಂತೆ ಅಡ್ಡಕ್ಕೆ ಮಡಿಸಿ, 8 ಸೆಂ.ಮೀ. ಅಂಚುಗಳೆರಡನ್ನು ಜೋಡಿಸಿ ಹೊಲಿದರೆ ಕೊಳವೆಯಾಗುತ್ತದೆ. ಆ ಹೊಲಿಗೆ ಒಂದು ಪಕ್ಕಕ್ಕೆ ಬರುವಂತೆ ಚಪ್ಪಟೆ ಮಾಡಿ ಒಂದು ಬಾಯಿಯನ್ನು ಹೊಲಿದು, ಚೀಲವನ್ನು ಮಗುಚಿ, ತೊಳೆದು ಒಣಗಿಸಿದ ಸಣ್ಣ ಕಲ್ಲು ಅಥವಾ ಕಬ್ಬಿಣದ ವಾಷರ್‌ಗಳನ್ನು ಮುಕ್ಕಾಲು ಭಾಗ ತುಂಬಬೇಕು. ಇನ್ನೊಂದು ಬಾಯಿಯನ್ನು ಮುಚ್ಚುವಾಗ ಅದೇ ಹೊಲಿಗೆಯನ್ನು ನಡುವಿಗೆ ತಂದು, ಅಂಚುಗಳನ್ನು ಒಳಗೆ ಮಡಿಸಿ ಕೈಯಲ್ಲಿ ಹೊಲಿಯಬೇಕು. ಮೊದಲ ಬಾಯಿಗೆ ಇದು ಅಡ್ಡವಾಗಿ ಬರುವುದರಿಂದ ಚೀಲವು ಉರುಳದ, ಬೆರಳಿಗೆ ಸುಲಭವಾಗಿ ಸಿಗುವ ನಾಲ್ಕು ಮುಖದ ಆಕಾರ ತಾಳುತ್ತದೆ. ಧಾನ್ಯ ತುಂಬಿದರೆ ಹುಳು ಬೀಳುತ್ತದೆ, ಆದ್ದರಿಂದ ಅದು ಬೇಡ.

ಕತ್ತರಿಯ ಒರೆಗೆ ಮುಚ್ಚಿದ ಅಲಗುಗಳನ್ನು ಕಾಗದದ ಮೇಲಿಟ್ಟು, ಸುತ್ತಲೂ 1.5 ಸೆಂ.ಮೀ. ಬಿಟ್ಟು ಗೆರೆ ಎಳೆದು, ಆ ಅಳತೆಗೆ ಜೀನ್ಸಿನ ಎರಡು ತುಂಡುಗಳನ್ನು ಕತ್ತರಿಸಬೇಕು. ಬಾಯಿಯ ಅಂಚನ್ನು ಮೊದಲು ಮಡಿಸಿ ಹೊಲಿದು, ಆಮೇಲೆ ಪಕ್ಕಗಳನ್ನು ಸೇರಿಸಬೇಕು. ಮೊನೆ ತಾಗುವ ತಳದಲ್ಲಿ ಹೊಲಿಗೆ ಬೇಗ ಹರಿಯುವುದರಿಂದ ಅಲ್ಲಿ ಎರಡು ಸಾಲು ಹಾಕಿ, ಒಳಗೆ ಮಡಿಸಿದ ಕ್ಯಾನ್ವಾಸ್ ತುಂಡೊಂದನ್ನು ಸೇರಿಸುವುದು ಕ್ಷೇಮ.